ಗಣಕದ ದಾಖಲಾತಿ ಪುಸ್ತಕದಲ್ಲಿ ಕನ್ನಡದ ಒಂದು ಸಾಲು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಗಣಕಯಂತ್ರದ ವಿಷಯವಾಗಿ ಪಾಠರೂಪದ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದರು. ಗಣಕದ ಚರಿತ್ರೆ, ಅದರ ಉಪಯೋಗಗಳು, ಅದರಿಂದ ಸಮಾಜಕ್ಕಾಗುವ ಲಾಭನಷ್ಟಗಳು ಎಂಬಂತಹ ವಿಶಾಲ ವಿಷಯಗಳ ಮೇಲೆ ಬರೆದವರು ಬಹಳ ಮಂದಿ ಇದ್ದಾರೆ. ಆದುದರಿಂದ ನಾನು ಅತಿ ಚಿಕ್ಕದೊಂದು ವಸ್ತುವನ್ನು ಆರಿಸಿಕೊಂಡಿದ್ದೇನೆ: ಹತ್ತು ಹನ್ನೆರಡು ಸಾಲುಗಳನ್ನು ಮೀರದ ಒಂದು ಕಡತ. ಪಠ್ಯ ಸಂಪಾದಕವೆಂಬ ತಂತ್ರಾಂಶಕ್ಕೆ ಹೊಸ ಸೇರ್ಪಡೆಯೊಂದನ್ನು ಜೋಡಿಸುವಾಗ ಆ ಸೇರ್ಪಡೆಯ ಹೆಸರು ವಿವರಗಳನ್ನು ದಾಖಲಿಸುವ ಕಡತವಿದು. ಕಾಸರಗೋಡಿನ ಕನ್ನಡ ಶಾಲೆಯೊಂದರ ಸಂಚಿಕೆಗೆ ಇಂತಹ ಒಣ ವಿಷಯವೇಕೆ ಎಂದು ಕೇಳುವವರಿಗೆ ಉತ್ತರ ಆ ಕಡತದ ಏಳನೆಯ ಸಾಲಿನಲ್ಲಿದೆ. ಅಲ್ಲಿಗೆ ಬರುವವರೆಗೆ ವಾಚಕರಲ್ಲಿ ತುಸು ತಾಳ್ಮೆಯನ್ನು ಬೇಡುತ್ತೇನೆ.

ಮೊದಲು ಪಠ್ಯ ಸಂಪಾದಕ ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಸಂಪಾದಕ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕನ್ನಡಕ ಧರಿಸಿ ಕೆಂಪು ಶಾಯಿಯ ಲೇಖನಿ ಹಿಡಿದ ಪತ್ರಿಕೆಯ ಸಂಪಾದಕರು. ಗಣಕದ ಸಂಪಾದಕಕ್ಕೆ ಅಷ್ಟೊಂದು ಗಾಂಭೀರ್ಯವಿಲ್ಲ. ಅಕ್ಷರಗಳನ್ನು ಬರೆಯಲು, ತಿದ್ದಲು, ಉಳಿಸಲು ಇರುವ ಸರಳವಾದೊಂದು ಸಾಧನವದು. ಅದರಲ್ಲಿ ಬರೆದುದಕ್ಕೆ ಬಣ್ಣವಿಲ್ಲ, ಚಿತ್ರವಿಲ್ಲ, ಅಂಚುಗೆರೆಗಳಿಲ್ಲ, ಬರಿಯ ಅಕ್ಷರಗಳಷ್ಟೇ. ಆಮಂತ್ರಣ ಪತ್ರಿಕೆಯನ್ನು ಅಂದವಾಗಿ ಮುದ್ರಿಸಬೇಕಾದರೆ ಬೇರೆ ತಂತ್ರಾಂಶ ಬೇಕು. ಆದರೆ ಗಣಕಕ್ಕೆ ಆಜ್ಞೆಗಳನ್ನು ಬರೆಯುವವರಿಗೆ, ಜಾಲಪುಟಗಳನ್ನು ರಚಿಸುವವರಿಗೆ ಈ ಬರಿಯ ಅಕ್ಷರಗಳೇ ಬೇಕು.

ಇಂತಹ ಸಂಪಾದಕವನ್ನು ರಚಿಸುವವರು ಎಲ್ಲ ಅನುಕೂಲತೆಗಳನ್ನೂ ಮೂಲದಲ್ಲೇ ತುಂಬಿಬಿಟ್ಟರೆ ಅದು ಭಾರವಾಗುತ್ತದೆ. ಒಬ್ಬನಿಗೆ ಕಾಗುಣಿತ ಪರೀಕ್ಷೆ ಬೇಕು, ಇನ್ನೊಬ್ಬನಿಗೆ ಸಾಲುಗಳನ್ನು ಅಕಾರಾದಿಯಾಗಿ ಜೋಡಿಸಬೇಕು, ಮತ್ತೊಬ್ಬನಿಗೆ ದಿನಾಂಕವನ್ನು ಒಂದೇ ಒತ್ತಿನಲ್ಲಿ ಸೇರಿಸಬೇಕು. ಆದುದರಿಂದ ಮೂಲವನ್ನು ಹಗುರವಾಗಿಟ್ಟು, ಬೇಕಾದವರು ಬೇಕಾದುದನ್ನು ಹೊರಗಿನಿಂದ ಜೋಡಿಸಿಕೊಳ್ಳಲು ಅವಕಾಶ ಮಾಡಿಕೊಡುತ್ತಾರೆ. ಹೀಗೆ ಜೋಡಿಸುವ ಭಾಗಗಳಿಗೆ ಪ್ಲಗಿನ್ ಎಂದು ಹೆಸರು. ನಾನಿಲ್ಲಿ ಸೇರ್ಪಡೆ ಎನ್ನುತ್ತೇನೆ. ಎಲ್ಲ ಸೇರ್ಪಡೆಗಳೂ ಎಲ್ಲರಿಗೂ ಉಪಯುಕ್ತವೆಂದು ಭಾವಿಸಬೇಕಾಗಿಲ್ಲ. ಅಕ್ಷರಗಳನ್ನು ದೊಡ್ಡಕ್ಷರದಿಂದ ಸಣ್ಣಕ್ಷರಕ್ಕೆ, ಸಣ್ಣದರಿಂದ ದೊಡ್ಡದಕ್ಕೆ ಬದಲಾಯಿಸುವ ಸೇರ್ಪಡೆಯೊಂದು ಹಲವು ಸಂಪಾದಕಗಳಲ್ಲಿರುತ್ತದೆ. ಕನ್ನಡದ ಬರೆಹದ ಮೇಲೆ ಅದನ್ನು ಪ್ರಯೋಗಿಸಿದರೆ ಏನೂ ಆಗುವುದಿಲ್ಲ. ನಮ್ಮ ವರ್ಣಮಾಲೆಯಲ್ಲಿ ಅಂತಹ ಮೇಲುಕೀಳು ಇಲ್ಲವಷ್ಟೆ!

ಹಾಗಾದರೆ ಹೊರಗಿನಿಂದ ಬಂದ ಸೇರ್ಪಡೆಯನ್ನು ಸಂಪಾದಕವು ಗುರುತಿಸುವುದು ಹೇಗೆ? ಶಾಲೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಜೂನ್ ತಿಂಗಳಲ್ಲಿ ಹೊಸ ಹುಡುಗನೊಬ್ಬ ಬಂದು ಬೆಂಚಿನಲ್ಲಿ ಕುಳಿತ ಮಾತ್ರಕ್ಕೆ ಅವನು ಶಾಲೆಯ ವಿದ್ಯಾರ್ಥಿಯಾಗುವುದಿಲ್ಲ. ಮುಖ್ಯೋಪಾಧ್ಯಾಯರ ಮೇಜಿನಲ್ಲಿರುವ ದಾಖಲಾತಿ ಪುಸ್ತಕದಲ್ಲಿ ಅವನ ಹೆಸರು, ಜನನ ದಿನಾಂಕ, ತಂದೆತಾಯಿಯರ ಹೆಸರು, ಮಾತೃಭಾಷೆ, ಸೇರುವ ತರಗತಿ ಇವೆಲ್ಲ ಬರೆಯಲ್ಪಟ್ಟ ಮೇಲೆಯೇ ಹಾಜರಿ ಕರೆಯುವಾಗ ಅವನ ಹೆಸರು ಬರುವುದು. ಸಂಪಾದಕದ ರೀತಿಯೂ ಇದೇ. ಅದು ಸೇರ್ಪಡೆಯ ಕಾರ್ಯಕ್ರಮವನ್ನು ನೇರವಾಗಿ ನೋಡುವುದಿಲ್ಲ. ಮೊದಲು ದಾಖಲಾತಿ ಕಡತವನ್ನು ಓದುತ್ತದೆ. ಅದರಲ್ಲಿ ಏನಿದೆಯೋ ಅದೇ ಅದಕ್ಕೆ ಪ್ರಮಾಣ.

ಈ ಕಡತದ ವಿನ್ಯಾಸವು ಒಂದೊಂದು ಸಂಪಾದಕದಲ್ಲಿ ಒಂದೊಂದು ತೆರನಾಗಿದೆ. ವಿವರಣೆಗಾಗಿ ನಾನು ಜಿಎಡಿಟ್ ಎಂಬ ಸಂಪಾದಕವನ್ನು ಆರಿಸಿಕೊಂಡಿದ್ದೇನೆ. ಅದು 1999ರಲ್ಲಿ ಗ್ನೋಮ್ ಎಂಬ ಮುಕ್ತ ತಂತ್ರಾಂಶ ಯೋಜನೆಯ ಭಾಗವಾಗಿ ಹೊರಬಂದಿತು. ಆಯ್ಕೆಗೆ ಊರಿನ ಕಾರಣವೂ ಒಂದುಂಟು. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯು ಆರಂಭವಾಗಿ, 2017ರಲ್ಲಿ ಕೈಟ್ ಎಂಬ ಸರಕಾರಿ ಸಂಸ್ಥೆಯ ರೂಪ ತಾಳಿತು. ಈ ಯೋಜನೆಯ ಶಾಲೆಗಳ ಪ್ರಯೋಗಾಲಯಗಳಿಗೆ ಬಂದುದು ಮುಕ್ತ ತಂತ್ರಾಂಶವಾದ ಗ್ನು ಲಿನಕ್ಸ್, ಮುಂದೆ ಅದರಲ್ಲಿಯೂ ಉಬುಂಟುವಿನ ಆಧಾರದ ಮೇಲೆ ಸಿದ್ಧಪಡಿಸಿದ ಆವೃತ್ತಿಗಳು. ಉಬುಂಟುವಿನ 22.04ನೆಯ ಆವೃತ್ತಿಯವರೆಗೂ ಅದರೊಡನೆ ತಾನಾಗಿ ಬರುತ್ತಿದ್ದ ಪಠ್ಯ ಸಂಪಾದಕ ಜಿಎಡಿಟ್ ಆಗಿತ್ತು. ಹಾಗಾಗಿ ಇತ್ತೀಚಿನ ವರ್ಷಗಳಲ್ಲಿ ಈ ಜಿಲ್ಲೆಯ ಶಾಲೆಗಳಿಂದ ಹೊರಬಿದ್ದ ಮಕ್ಕಳಿಗೆ ಈ ಸಂಪಾದಕದ ಬಿಳಿಯ ಕಿಟಿಕಿಯ ಪರಿಚಯವಿದ್ದರೆ ಆಶ್ಚರ್ಯವಿಲ್ಲ.

ಈಗ ಕಡತವನ್ನೇ ನೋಡೋಣ. ಪದಗಳನ್ನು ಎಣಿಸುವ ಸೇರ್ಪಡೆಯೊಂದನ್ನು ನಮ್ಮ ಮಕ್ಕಳು ಮಾಡಿದ್ದಾರೆಂದು ಭಾವಿಸಿಕೊಂಡು ಅದರ ದಾಖಲಾತಿ ಕಡತವನ್ನು ಕೆಳಗೆ ಕೊಟ್ಟಿದ್ದೇನೆ. ಗಣಕದಲ್ಲಿ ಸಮಚಿಹ್ನೆಯ ಎಡಗಡೆಯ ಪದಗಳನ್ನೂ, ಚೌಕಾವರಣದೊಳಗಿನ ಪದಗಳನ್ನೂ, ಮಾಡ್ಯೂಲ್ ಮತ್ತು ಲೋಡರ್‌ಗಳ ಮುಂದಿನ ಪದಗಳನ್ನೂ ಇಂಗ್ಲಿಷ್ ಲಿಪಿಯಲ್ಲಿಯೇ ಬರೆಯತಕ್ಕದ್ದು. ಈ ಸಂಚಿಕೆಯ ಓದುಗರಿಗಾಗಿ ಅವುಗಳ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ತೋರಿಸಿದ್ದೇನೆ.

# ನಮ್ಮ ಪ್ರಯೋಗಾಲಯದ ಮೊದಲ ಸೇರ್ಪಡೆ
[ಪ್ಲಗಿನ್]
ಮಾಡ್ಯೂಲ್=ಪದಗಣನೆ
ಲೋಡರ್=ಪೈಥಾನ್3
ಐಏಜ್=3
ನೇಮ್=ವರ್ಡ್ ಕೌಂಟ್
ನೇಮ್[ಕೆಎನ್]=ಪದಗಳ ಎಣಿಕೆ
ನೇಮ್[ಎಂಎಲ್]=ವಾಕ್ಕುಕಳುಡೆ ಎಣ್ಣಂ
ಡಿಸ್ಕ್ರಿಪ್ಷನ್=ಕೌಂಟ್ಸ್ ದಿ ವರ್ಡ್ಸ್ ಇನ್ ಎ ಡಾಕ್ಯುಮೆಂಟ್
ಡಿಸ್ಕ್ರಿಪ್ಷನ್[ಕೆಎನ್]=ಬರೆಹದಲ್ಲಿರುವ ಪದಗಳನ್ನು ಎಣಿಸಿ ತೋರಿಸುತ್ತದೆ
ಆಥರ್ಸ್=ಏಳನೆಯ ತರಗತಿ;ಎಂಟನೆಯ ತರಗತಿ

ಮೊದಲ ಸಾಲು ಬರಿಯ ಟಿಪ್ಪಣಿ. ಸಾಲಿನ ಆರಂಭದಲ್ಲಿ ಆ ಅಡ್ಡಗೆರೆಗಳ ಚಿಹ್ನೆಯಿದ್ದರೆ ಸಂಪಾದಕವು ಅದನ್ನು ಓದದೆ ದಾಟುತ್ತದೆ; ಅದು ಮನುಷ್ಯರಿಗಾಗಿ ಬರೆದುದು. ಎರಡನೆಯ ಸಾಲಿನ ಚೌಕಾವರಣವು ಒಂದು ಶೀರ್ಷಿಕೆ. ಇಂತಹ ಶೀರ್ಷಿಕೆಯ ಮೇಲೆ ಟಿಪ್ಪಣಿಗಳಲ್ಲದೆ ಬೇರೇನೂ ಬರಕೂಡದು. ಉಳಿದ ಸಾಲುಗಳೆಲ್ಲ ಒಂದೇ ಅಚ್ಚಿನವು: ಎಡಗಡೆ ಕಾಲಂನ ಹೆಸರು, ನಡುವೆ ಸಮಚಿಹ್ನೆ, ಬಲಗಡೆ ಅದರ ಮೌಲ್ಯ. ನಮ್ಮ ಅಧ್ಯಾಪಕರು ದಾಖಲಾತಿ ಪುಸ್ತಕದಲ್ಲಿ ಅಡ್ಡ ಸಾಲುಗಳಲ್ಲಿ ಬರೆಯುವುದನ್ನೇ ಇಲ್ಲಿ ಒಂದರ ಕೆಳಗೊಂದಾಗಿ ಬರೆದಿದೆಯೆಂದು ತಿಳಿದರೆ ಸಾಕು.

ಇವುಗಳಲ್ಲಿ ಕಡ್ಡಾಯವಾದವು ಎರಡೇ, ಮಾಡ್ಯೂಲ್ ಮತ್ತು ನೇಮ್. ಕಾರ್ಯಕ್ರಮದ ನಿಜವಾದ ಆಜ್ಞೆಗಳು ಯಾವ ಕಡತದಲ್ಲಿವೆಯೆಂಬುದನ್ನು ಮಾಡ್ಯೂಲ್ ತಿಳಿಸುತ್ತದೆ. ಲೋಡರ್ ಎಂಬುದು ಆ ಆಜ್ಞೆಗಳನ್ನು ಯಾವ ಗಣಕಭಾಷೆಯಲ್ಲಿ ಬರೆದಿದೆಯೆಂಬುದರ ಸೂಚನೆ. ಏನೂ ಬರೆಯದಿದ್ದರೆ ಸಿ ಭಾಷೆಯೆಂದು ಭಾವಿಸಲಾಗುತ್ತದೆ. ಪೈಥಾನಿನ ಮುಂದಿರುವ 3 ಎಂಬ ಅಂಕೆಯನ್ನು ಅಲಕ್ಷಿಸುವಂತಿಲ್ಲ. ಪೈಥಾನಿನ ಎರಡನೆಯ ಆವೃತ್ತಿಗೆ ಅದರ ರಚನಕಾರರು 2020ರ ಜನವರಿ 1ರಂದು ಬೆಂಬಲವನ್ನು ನಿಲ್ಲಿಸಿದರು. ಅದಕ್ಕೂ ಬಹಳ ಮೊದಲೇ ಜಿಎಡಿಟ್ ಮೂರನೆಯದಕ್ಕೆ ಹೊರಳಿತ್ತು. ಆಥರ್ಸ್ ಸಾಲಿನಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯಿದ್ದರೆ ಅರ್ಧವಿರಾಮ ಚಿಹ್ನೆಯಿಂದ ಬೇರ್ಪಡಿಸಬೇಕು.

ಐಏಜ್ ಎಂಬ ವಿಚಿತ್ರ ಪದವು ಸಂಪಾದಕ ಮತ್ತು ಸೇರ್ಪಡೆಗಳ ನಡುವಣ ಒಪ್ಪಂದದ ತಲೆಮಾರನ್ನು ಸೂಚಿಸುತ್ತದೆ. ಜಿಎಡಿಟ್‌ನ ಎರಡನೆಯ ಸರಣಿಯಲ್ಲಿ ಅಲ್ಲಿ 2 ಎಂದಿಲ್ಲದ ಕಡತವನ್ನು ಸಂಪಾದಕವು ತಿರಸ್ಕರಿಸುತ್ತಿತ್ತು. 2011ರಲ್ಲಿ ಮೂರನೆಯ ಸರಣಿಯು ಬಂದಾಗ ಅಂಕೆ ಮಾತ್ರವಲ್ಲ, ಶೀರ್ಷಿಕೆಯೂ ಕಡತದ ಹೆಸರಿನ ಬಾಲವೂ ಬದಲಾದುವು. ಮೊದಲು ಶೀರ್ಷಿಕೆಯಲ್ಲಿ ಜಿಎಡಿಟ್ ಪ್ಲಗಿನ್ ಎಂದಿದ್ದುದು ಬರಿಯ ಪ್ಲಗಿನ್ ಎಂದಾಯಿತು. ಈ ದಾಖಲಾತಿಯ ವ್ಯವಸ್ಥೆಯನ್ನು ಸಂಪಾದಕದಿಂದ ಬೇರ್ಪಡಿಸಿ ಲಿಬ್‌ಪೀಸ್ ಎಂಬ ಸ್ವತಂತ್ರ ಭಂಡಾರವನ್ನಾಗಿ ಮಾಡಿದುದೇ ಅದಕ್ಕೆ ಕಾರಣ. ಚಿತ್ರ ನೋಡುವ, ಸಂಗೀತ ಕೇಳಿಸುವ ತಂತ್ರಾಂಶಗಳೂ ಅದೇ ಪುಸ್ತಕವನ್ನು ಬಳಸತೊಡಗಿದುವು. ಒಳ್ಳೆಯ ಕೆಲಸವೇ ಸರಿ. ಆದರೆ ಹಳೆಯ ಸೇರ್ಪಡೆಗಳನ್ನು ಬರೆದವರು ಹೊಸ ನಮೂನೆಗೆ ತಿದ್ದಿ ಬರೆಯದಿದ್ದಲ್ಲಿ, ಅವು ಎಷ್ಟೇ ಚೆನ್ನಾಗಿದ್ದರೂ ಹೊಸ ಸಂಪಾದಕದ ಹಾಜರಿಯಲ್ಲಿ ಬರಲಿಲ್ಲ. ಹೆಸರಿನ ಬಾಲವೇ ಬೇರೆಯಾದುದರಿಂದ ಅದು ಆ ಕಡತಗಳತ್ತ ಕಣ್ಣು ಹಾಯಿಸಲೂ ಇಲ್ಲ.

ಈಗ ಏಳನೆಯ ಸಾಲಿಗೆ ಬಂದೆವು. ನೇಮ್ ಎಂಬ ಪದದ ಬೆನ್ನಿಗೇ, ನಡುವೆ ತೆರವಿಲ್ಲದೆ, ಚೌಕಾವರಣದಲ್ಲಿ ಕೆಎನ್ ಎಂದು ಬರೆದಿದೆ. ಪ್ರಪಂಚದ ಭಾಷೆಗಳಿಗೆ ಅಂತಾರಾಷ್ಟ್ರೀಯ ಪ್ರಮಾಣ ಸಂಸ್ಥೆಯು ಕೊಟ್ಟಿರುವ ಎರಡಕ್ಷರದ ಸಂಕೇತಗಳಲ್ಲಿ ಕನ್ನಡದ್ದು ಕೆಎನ್. ಮಲಯಾಳದ್ದು ಎಂಎಲ್, ತಮಿಳಿನದು ಟಿಎ, ತೆಲುಗಿನದು ಟಿಇ, ಮರಾಠಿಯದು ಎಂಆರ್. ತುಳುವಿಗೆ ಎರಡಕ್ಷರದ ಸಂಕೇತ ದೊರೆತಿಲ್ಲ. ಟಿಸಿವೈ ಎಂಬ ಮೂರಕ್ಷರದ್ದು ಉಂಟು. ಕಡತವು ಅದನ್ನೂ ಸ್ವೀಕರಿಸುತ್ತದೆ. ಹೀಗಾಗಿ ಒಂದೇ ಸೇರ್ಪಡೆಯ ಹೆಸರನ್ನು ಎಷ್ಟು ಭಾಷೆಗಳಲ್ಲಿ ಬೇಕಾದರೂ ಒಂದರ ಕೆಳಗೊಂದಾಗಿ ಬರೆಯಬಹುದು, ಸಂಕೇತಗಳು ಮಾತ್ರ ಬೇರೆಬೇರೆಯಾಗಿರಬೇಕು.

ಕಳೆದ ಮಧ್ಯಾವಧಿ ರಜೆಗೆ ಮೊದಲು ಶಾಲೆಯ ಪ್ರಯೋಗಾಲಯದಲ್ಲಿ ಹಿರಿಯ ವಿದ್ಯಾರ್ಥಿಯೆಂಬ ಸಲಿಗೆಯಿಂದ ಈ ಪಾಠವನ್ನು ಒಂದು ಗಂಟೆ ನಡೆಸಿದ್ದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಕೆಎನ್ ಅಂದರೆ ಕರ್ನಾಟಕವಾ?" ಎಂದು ಕೇಳಿದಳು. ಹಾಗೆ ಕೇಳಿದುದು ಎಷ್ಟು ಸಹಜ! ಅವಳ ಪಕ್ಕದವನು ಇನ್ನೂ ಮುಂದೆ ಹೋಗಿ, "ಕರ್ನಾಟಕದ್ದು ಕೆಎ ಅಲ್ಲವಾ? ಮಂಗಳೂರಿನ ಬಸ್ಸಿನ ನಂಬರಿನಲ್ಲಿ ಇರುತ್ತದೆ" ಎಂದ. ಇಬ್ಬರಿಗೂ ಕೊಟ್ಟ ಉತ್ತರವನ್ನು ಇಲ್ಲಿಯೂ ಬರೆಯುತ್ತೇನೆ. ಕೆಎನ್ ಎಂಬುದು ಭಾಷೆಯ ಸಂಕೇತ, ರಾಜ್ಯದ್ದಲ್ಲ. ವಾಹನಗಳ ಫಲಕ ನೋಡಿದ ಅಭ್ಯಾಸದಿಂದ ಯಾರಾದರೂ ಇಲ್ಲಿ ಕೆಎ ಎಂದು ಬರೆದರೆ ಆ ಸಾಲು ಜಾರ್ಜಿಯಾ ದೇಶದ ಜಾರ್ಜಿಯನ್ ಭಾಷೆಯವರಿಗೆ ಹೋಗುತ್ತದೆ. ನಮ್ಮ ಜಿಲ್ಲೆಯ ವಾಹನಗಳಲ್ಲಿರುವ ಕೆಎಲ್ 14ರ ಕೆಎಲ್ ಅನ್ನು ಬರೆದರೆ ಗ್ರೀನ್‌ಲ್ಯಾಂಡಿನವರ ಭಾಷೆಯಾಗುತ್ತದೆ! ಭಾಷೆಯ ಜೊತೆಗೆ ಪ್ರದೇಶವನ್ನೂ ಹೇಳಬೇಕಾದಲ್ಲಿ ಅಡಿಗೆರೆ ಹಾಕಿ ಐಎನ್, ಅಂದರೆ ಇಂಡಿಯಾ, ಎಂದು ಸೇರಿಸುತ್ತಾರೆ. ಅಲ್ಲಿಯೂ ದೇಶವಿದೆಯೇ ಹೊರತು ರಾಜ್ಯವಿಲ್ಲ. ಬೆಂಗಳೂರಿನ ಗಣಕಕ್ಕೂ ಮಂಜೇಶ್ವರದ ಗಣಕಕ್ಕೂ ತಾಳವಾಡಿಯ ಗಣಕಕ್ಕೂ ಅಕ್ಕಲಕೋಟೆಯ ಗಣಕಕ್ಕೂ ಸಂಕೇತ ಒಂದೇ. 1956ರ ನವೆಂಬರ್ 1ರಂದು ಎಳೆದ ಗೆರೆಯು ಈ ಕಡತದಲ್ಲಿ ಎಲ್ಲಿಯೂ ಕಾಣಸಿಗುವುದಿಲ್ಲ.

ಸಂಪಾದಕವು ಇಷ್ಟು ಸಾಲುಗಳಲ್ಲಿ ಯಾವುದನ್ನು ಆರಿಸಿಕೊಳ್ಳುತ್ತದೆ? ಇಲ್ಲಿ ಒಂದು ಕ್ರಮವಿದೆ. ಗಣಕವನ್ನು ಬಳಸುವವನು ತನಗೆ ಬೇಕಾದ ಭಾಷೆಗಳ ಪಟ್ಟಿಯನ್ನು ಲ್ಯಾಂಗ್ವೇಜ್ ಎಂಬ ಹೆಸರಿನ ಸಾಲಿನಲ್ಲಿ ಮೊದಲೇ ಹೇಳಿಡಬಹುದು. ಒಂದೇ ಭಾಷೆಯನ್ನು ಹೇಳಬೇಕೆಂದಿಲ್ಲ. ಎರಡು ಚುಕ್ಕಿಯ ಚಿಹ್ನೆಯಿಂದ ಬೇರ್ಪಡಿಸಿ ಮೊದಲು ಕೆಎನ್, ಅನಂತರ ಎಂಎಲ್ ಎಂದು ಬರೆಯಬಹುದು. ಸಂಪಾದಕವು ಕಡತವನ್ನು ತೆರೆದಾಗ ಮೊದಲು ಕೆಎನ್ ಎಂಬ ಸಾಲನ್ನು ಹುಡುಕುತ್ತದೆ. ಸಿಕ್ಕಿದರೆ ಅದನ್ನೇ ತೋರಿಸುತ್ತದೆ. ಇಲ್ಲವಾದರೆ ಎಂಎಲ್ ಸಾಲನ್ನು ಹುಡುಕುತ್ತದೆ. ಅದೂ ಇಲ್ಲದಿದ್ದರೆ ಚೌಕಾವರಣವಿಲ್ಲದ ನೇಮ್ ಸಾಲಿಗೆ ಬರುತ್ತದೆ; ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಮನೆಯಲ್ಲಿ ಕನ್ನಡ, ತುಳು, ಪೇಟೆಯಲ್ಲಿ ಮಲಯಾಳ, ಅರ್ಜಿಗಳಲ್ಲಿ ಇಂಗ್ಲಿಷ್ ಎಂದು ಬದುಕುವ ನಮ್ಮ ಊರಿನವರಿಗೆ ಈ ಕ್ರಮವನ್ನು ವಿವರಿಸಿ ಹೇಳಬೇಕಾಗಿಲ್ಲ. ಗಮನಿಸಬೇಕಾದುದೆಂದರೆ, ಕನ್ನಡದ ಸಾಲು ಇಲ್ಲವೆಂದು ಗಣಕವು ಯಾರಿಗೂ ದೂರು ಕೊಡುವುದಿಲ್ಲ. ಮುಂದಿನ ಸಾಲಿಗೆ ಸದ್ದಿಲ್ಲದೆ ಹೋಗುತ್ತದೆ. ಬಳಸುವವನಿಗೆ ಇಂಗ್ಲಿಷ್ ಕಾಣುತ್ತದೆ. ಕನ್ನಡದಲ್ಲಿ ಇದು ಸಾಧ್ಯವೇ ಇಲ್ಲವೇನೋ ಎಂದು ಅವನು ಭಾವಿಸುತ್ತಾನೆ. ಸಾಧ್ಯತೆಯು ಮೊದಲ ದಿನದಿಂದಲೇ ಇದೆ. ಇಲ್ಲದಿರುವುದು ಒಂದು ಸಾಲು.

ಆ ಸಾಲು ಬರುವುದೆಲ್ಲಿಂದ? ನಾವೇ ಮಾಡಿದ ಸೇರ್ಪಡೆಗೆ ನಾವೇ ಬರೆದುಕೊಳ್ಳುತ್ತೇವೆ. ಆದರೆ ಜಿಎಡಿಟ್‌ನೊಡನೆ ಬರುತ್ತಿದ್ದ ಸೇರ್ಪಡೆಗಳಿಗೆ ಬೇರೊಂದು ವ್ಯವಸ್ಥೆಯಿತ್ತು, ಅದನ್ನು ತಿಳಿದುಕೊಳ್ಳುವುದು ಉಚಿತ. ಮೂಲ ಕಡತದಲ್ಲಿ ಇಂಗ್ಲಿಷಿನ ಸಾಲು ಮಾತ್ರ ಇರುತ್ತಿತ್ತು. ಹಿಂದಿನ ಕಾಲದಲ್ಲಿ ನೇಮ್ ಎಂಬುದರ ಮುಂದೆ ಒಂದು ಅಡಿಗೆರೆ ಹಾಕಿ ಇಡುತ್ತಿದ್ದರು; ಈ ಸಾಲನ್ನು ಅನುವಾದಿಸತಕ್ಕದ್ದು ಎಂಬುದಕ್ಕೆ ಅದು ಗುರುತು. ಪ್ರತಿಯೊಂದು ಭಾಷೆಗೂ ಪ್ರತ್ಯೇಕವಾದ ಅನುವಾದ ಪುಸ್ತಕವಿರುತ್ತದೆ. ಕನ್ನಡದ ಪುಸ್ತಕದ ಹೆಸರು ಕೆಎನ್ ಚುಕ್ಕಿ ಪಿಒ. ಅದರಲ್ಲಿ ಮೇಲೆ ಇಂಗ್ಲಿಷ್ ವಾಕ್ಯ, ಕೆಳಗೆ ಕನ್ನಡ ವಾಕ್ಯ, ಹೀಗೆ ಜೋಡಿ ಜೋಡಿಯಾಗಿ ಬರೆದಿರುತ್ತದೆ. ತಂತ್ರಾಂಶವನ್ನು ಕಟ್ಟಿ ಹೊರತರುವ ಸಮಯದಲ್ಲಿ ಎಲ್ಲ ಭಾಷೆಗಳ ಪುಸ್ತಕಗಳಿಂದ ಸಾಲುಗಳನ್ನು ಎತ್ತಿ ಮೂಲ ಕಡತದೊಳಕ್ಕೆ ಹೆಣೆಯಲಾಗುತ್ತದೆ. ಗ್ನೋಮ್‌ನ ವಾಕ್ಯಗಳನ್ನು ಹೀಗೆ ಕನ್ನಡಕ್ಕೆ ತಂದವರ ಶ್ರಮದಿಂದಲೇ ಕೆಎನ್ ಸಾಲುಗಳು ನಮ್ಮ ಗಣಕದವರೆಗೂ ಬಂದುದು.

ಒಮ್ಮೆ ಅನುವಾದಿಸಿದರೆ ಮುಗಿಯಿತೆಂದು ತಿಳಿಯುವಂತಿಲ್ಲ. ಮೂಲ ಲೇಖಕನು ತನ್ನ ಇಂಗ್ಲಿಷ್ ವಾಕ್ಯದಲ್ಲಿ ಒಂದು ಪದವನ್ನು ಬದಲಾಯಿಸಿದನೆಂದುಕೊಳ್ಳಿ. ಅನುವಾದ ಪುಸ್ತಕದಲ್ಲಿ ಆ ಜೋಡಿಗೆ ಅಸ್ಪಷ್ಟ ಎಂಬರ್ಥದ ಫಝಿ ಎಂಬ ಮುದ್ರೆ ಬೀಳುತ್ತದೆ. ಕನ್ನಡ ಬಲ್ಲವರೊಬ್ಬರು ಅದನ್ನು ಮತ್ತೊಮ್ಮೆ ಓದಿ, ತಿದ್ದಿ, ಮುದ್ರೆಯನ್ನು ತೆಗೆಯುವವರೆಗೆ ಆ ಕನ್ನಡ ವಾಕ್ಯವನ್ನು ಬಳಸಲಾಗುವುದಿಲ್ಲ. ತಪ್ಪು ಅನುವಾದಕ್ಕಿಂತ ಇಂಗ್ಲಿಷೇ ಮೇಲೆಂಬ ನ್ಯಾಯ. ನ್ಯಾಯವೇನೋ ಸರಿಯಾದುದೇ. ಆದರೆ ನೋಡುವವರಿಲ್ಲದೆ ನಾಲ್ಕಾರು ಆವೃತ್ತಿಗಳು ಕಳೆದುವೆಂದರೆ ಹಿಂದೆ ಪೂರ್ಣವಾಗಿ ಕನ್ನಡದಲ್ಲಿದ್ದ ಪಟ್ಟಿಯಲ್ಲಿ ಇಂಗ್ಲಿಷ್ ಸಾಲುಗಳು ಒಂದೊಂದಾಗಿ ಮೇಲೇಳುತ್ತವೆ. ಯಾರೂ ಕನ್ನಡವನ್ನು ಅಳಿಸಿರುವುದಿಲ್ಲ. ಅದನ್ನು ನೋಡಿಕೊಳ್ಳುವವರು ಇಲ್ಲದೆ ಹೋಗಿರುತ್ತಾರೆ. ನಮ್ಮ ಜಿಲ್ಲೆಯಲ್ಲಿ ನಿವೃತ್ತರಾದ ಕನ್ನಡ ಅಧ್ಯಾಪಕರು ಎಷ್ಟು ಮಂದಿ ಇದ್ದಾರೆ! ಈ ಕೆಲಸಕ್ಕೆ ಗಣಕಶಾಸ್ತ್ರದ ಪದವಿ ಬೇಕಾಗಿಲ್ಲ. ಎರಡು ಭಾಷೆಗಳ ವಾಕ್ಯಗಳನ್ನು ಎದುರುಬದುರು ಇಟ್ಟು ಓದುವ ಅಭ್ಯಾಸ ಬೇಕು, ಅದು ಅವರಿಗಿದೆ.

ಅನುವಾದದ ಗುಣದ ಬಗೆಗೂ ಒಂದು ಮಾತು. ಮೇಲಿನ ಕಡತದಲ್ಲಿ ನಾನು "ಪದಗಳ ಎಣಿಕೆ" ಎಂದು ಬರೆದಿದ್ದೇನೆ. "ಶಬ್ದಸಂಖ್ಯಾ ಪರಿಗಣನ ಸಾಧನ" ಎಂದೂ ಬರೆಯಬಹುದಿತ್ತು. ಆದರೆ ಹದಿಮೂರು ವರ್ಷದ ಹುಡುಗನು ಪಟ್ಟಿಯಲ್ಲಿ ಅದನ್ನು ಓದಿ, ಅರ್ಥವಾಗದೆ, ಗಣಕವನ್ನು ಇಂಗ್ಲಿಷಿಗೆ ತಿರುಗಿಸಿಕೊಂಡರೆ ಆ ಕನ್ನಡದಿಂದ ಪ್ರಯೋಜನವೇನು? ಮೊದಲು ಹೇಳಿದ ದೊಡ್ಡಕ್ಷರ ಸಣ್ಣಕ್ಷರಗಳ ಸೇರ್ಪಡೆಗೆ ಕನ್ನಡದಲ್ಲಿ ಸಮಾನ ಪದ ಹುಡುಕುವುದು ವ್ಯರ್ಥ. "ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ" ಎಂದು ಬರೆದರೆ ಅದು ಯಾವುದಕ್ಕೆ ಸಲ್ಲುತ್ತದೆಂಬುದೂ ತಿಳಿಯುತ್ತದೆ, ಕನ್ನಡ ಬರೆಹದಲ್ಲಿ ಒತ್ತಿ ನಿರಾಶರಾಗುವ ಪ್ರಮೇಯವೂ ಇಲ್ಲ.

ಇನ್ನು ಲಿಪಿಯ ಪ್ರಶ್ನೆ. ಈ ಕಡತವನ್ನು ಯುಟಿಎಫ್-8 ಎಂಬ ಕ್ರಮದಲ್ಲಿಯೇ ಉಳಿಸಬೇಕೆಂಬುದು ನಿಯಮ; ಅದು ಯೂನಿಕೋಡಿನ ಒಂದು ರೂಪ. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಆದರೂ ಬಹುಕಾಲ ನಮ್ಮ ಮುದ್ರಣಾಲಯಗಳೂ ಕಚೇರಿಗಳೂ ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಅಚ್ಚನ್ನು ಹೊದಿಸಿದ ಹಳೆಯ ಅಕ್ಷರವಿನ್ಯಾಸಗಳನ್ನೇ ಬಳಸಿದುವು. ಅಂತಹ ಬರೆಹವನ್ನು ತಂದು ಏಳನೆಯ ಸಾಲಿನಲ್ಲಿ ಅಂಟಿಸಿದರೆ ಹೊದಿಕೆ ಕಳಚಿಬಿದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಯೂನಿಕೋಡಿನ ಎಣಿಕೆಯೂ ನಮ್ಮ ಎಣಿಕೆಯೂ ಒಂದಲ್ಲವೆಂಬುದನ್ನು ಮಕ್ಕಳಿಗೆ ತೋರಿಸಲು ಒಂದು ಉದಾಹರಣೆ ಸಾಕು. ಲಕ್ಷ್ಮಿ ಎಂಬ ಹೆಸರಿನಲ್ಲಿ ನಾವು ಎಣಿಸುವ ಅಕ್ಷರಗಳು ಎರಡು. ಯೂನಿಕೋಡಿನಲ್ಲಿ ಅದು ಲ, ಕ, ವಿರಾಮ, ಷ, ವಿರಾಮ, ಮ, ಇಕಾರದ ಗುಣಿತ ಎಂದು 7 ಸಂಕೇತಗಳು. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರರಂತೆ 21 ಬೈಟುಗಳು. ಸಂಕೇತಗಳನ್ನು ಎಣಿಸುವ ಸೇರ್ಪಡೆಯು ಇಲ್ಲಿ ಏಳು ಅಕ್ಷರಗಳಿವೆಯೆಂದು ಹೇಳಿದರೆ ಅದನ್ನು ಬರೆದವನಿಗೆ ಕನ್ನಡ ತಿಳಿಯದೆಂದು ಅರ್ಥ. ಕನ್ನಡದ ಮಕ್ಕಳು ಸ್ವತಃ ಸೇರ್ಪಡೆಗಳನ್ನು ಬರೆಯಬೇಕೆಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಈ ಕಡತದ ಶಿಸ್ತು ಕಟ್ಟುನಿಟ್ಟಿನದು. ಕಾಲಂನ ಹೆಸರುಗಳಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳು ವ್ಯತ್ಯಾಸವಾದರೆ ಆ ಸಾಲನ್ನು ಅದು ಗುರುತಿಸುವುದಿಲ್ಲ. ಸಮಚಿಹ್ನೆಯನ್ನು ಬಿಟ್ಟರೆ ಇಡೀ ಕಡತವೇ ತಿರಸ್ಕೃತವಾಗುತ್ತದೆ. ತಿರಸ್ಕರಿಸಿದ ಕಾರಣವನ್ನು ಸಂಪಾದಕವು ತನ್ನ ಕಿಟಿಕಿಯಲ್ಲಿ ಹೇಳುವುದೂ ಇಲ್ಲ. ಸಂಪಾದಕವನ್ನು ಟರ್ಮಿನಲ್ ಎಂಬ ಕಪ್ಪು ಕಿಟಿಕಿಯ ಮೂಲಕ ತೆರೆದರೆ ಮಾತ್ರ ಅಲ್ಲಿ ಎಚ್ಚರಿಕೆಯ ವಾಕ್ಯವೊಂದು ಕಾಣಿಸುತ್ತದೆ. ಮಕ್ಕಳಿಗೆ ಈ ಅಭ್ಯಾಸವನ್ನು ಮೊದಲೇ ಮಾಡಿಸಿದರೆ ಅಧ್ಯಾಪಕರ ಅರ್ಧ ಶ್ರಮ ಉಳಿಯುತ್ತದೆ.

ಬೇರೆ ಸಂಪಾದಕಗಳ ರೀತಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಈಮ್ಯಾಕ್ಸ್ ಎಂಬ ಹಿರಿಯ ಸಂಪಾದಕದಲ್ಲಿ ಚಿಕ್ಕ ಸೇರ್ಪಡೆಗಳಿಗೆ ಪ್ರತ್ಯೇಕ ದಾಖಲಾತಿ ಕಡತವಿಲ್ಲ. ಕಾರ್ಯಕ್ರಮದ ತಲೆಯ ಟಿಪ್ಪಣಿಗಳಲ್ಲಿಯೇ ವಿವರಗಳನ್ನು ಬರೆಯುತ್ತಾರೆ. ಮೈಕ್ರೋಸಾಫ್ಟಿನವರು 2015ರಲ್ಲಿ ಹೊರತಂದ, ಇಂದು ಬಹಳ ಮಂದಿ ಬಳಸುವ ವಿಎಸ್ ಕೋಡ್‌ನಲ್ಲಿ ದಾಖಲಾತಿಯು ಜೇಸನ್ ಎಂಬ ನಮೂನೆಯಲ್ಲಿದೆ. ಯಾವ ಆವೃತ್ತಿಗೆ ಹೊಂದುತ್ತದೆ, ಯಾವಾಗ ಎಚ್ಚರಗೊಳ್ಳಬೇಕು, ಯಾವ ಆಜ್ಞೆಗಳನ್ನು ಕೂಡಿಸುತ್ತದೆ ಎಂಬುದೆಲ್ಲವನ್ನೂ ಅಲ್ಲಿ ವಿವರವಾಗಿ ಬರೆಯಬೇಕು. ಕೊನೆಯಲ್ಲೊಂದು ಅಲ್ಪವಿರಾಮ ಹೆಚ್ಚಾದರೂ ತಪ್ಪು, ಟಿಪ್ಪಣಿ ಬರೆಯಲೂ ಅವಕಾಶವಿಲ್ಲ. ಭಾಷೆಗಳ ಸಾಲುಗಳು ಅದೇ ಕಡತದಲ್ಲಿರುವುದಿಲ್ಲ. ಹೆಸರಿನ ಸ್ಥಾನದಲ್ಲಿ ಶೇಕಡಾ ಚಿಹ್ನೆಗಳ ನಡುವೆ ಒಂದು ಗುರುತನ್ನಿಟ್ಟು, ಪ್ರತಿ ಭಾಷೆಗೂ ಬೇರೆ ಕಡತವನ್ನು ಪಕ್ಕದಲ್ಲಿಡುತ್ತಾರೆ. ದೊಡ್ಡ ಕೆಲಸಕ್ಕೆ ಅದು ಯೋಗ್ಯವಾದ ವಿಧಾನ. ಆದರೆ ಪಾಠ ಮಾಡುವವನ ದೃಷ್ಟಿಯಿಂದ ಜಿಎಡಿಟ್‌ನ ಕಡತವೇ ನನಗೆ ಇಷ್ಟ. ಒಂದೇ ಪುಟದಲ್ಲಿ ಇಂಗ್ಲಿಷ್, ಕನ್ನಡ, ಮಲಯಾಳಗಳು ಒಂದರ ಕೆಳಗೊಂದು ಕುಳಿತಿರುವುದನ್ನು ಮಗುವು ಕಣ್ಣಾರೆ ಕಾಣಬಹುದು.

2022ರ ಮಾರ್ಚಿನಲ್ಲಿ ಬಂದ ಗ್ನೋಮ್ 42ರಲ್ಲಿ ಜಿಎಡಿಟ್‌ನ ಸ್ಥಾನಕ್ಕೆ ಹೊಸ ಪಠ್ಯ ಸಂಪಾದಕವೊಂದು ಬಂದಿತು. ಅದೇ ವರ್ಷದ ಉಬುಂಟು 22.10 ಅದನ್ನೇ ಅನುಸರಿಸಿತು. ಹೊಸತರಲ್ಲಿ ಸೇರ್ಪಡೆಗಳ ವ್ಯವಸ್ಥೆಯನ್ನು ಇಟ್ಟಿಲ್ಲ. ಹಾಗೆಂದು ಇಲ್ಲಿ ಕಲಿತುದು ನಿರರ್ಥಕವಾಗಲಿಲ್ಲ. ಜಿಎಡಿಟ್‌ನಿಂದ ಕವಲೊಡೆದ ಪ್ಲೂಮಾ ಮತ್ತು ಎಕ್ಸ್‌ಎಡ್ ಎಂಬ ಸಂಪಾದಕಗಳು ಇದೇ ನಮೂನೆಯನ್ನು ಇಟ್ಟುಕೊಂಡುವು. ಲಿನಕ್ಸಿನಲ್ಲಿ ಪರದೆಯ ಮೇಲೆ ಕಾಣುವ ಪ್ರತಿಯೊಂದು ತಂತ್ರಾಂಶದ ಹೆಸರನ್ನು ದಾಖಲಿಸುವ ಡೆಸ್ಕ್‌ಟಾಪ್ ಕಡತಗಳಿಗೂ ಚೌಕಾವರಣದ ಇದೇ ನಿಯಮ ಅನ್ವಯಿಸುತ್ತದೆ.

ಶಾಲೆಯ ಮಕ್ಕಳಿಗಾಗಿ ಒಂದು ಅಭ್ಯಾಸವನ್ನು ಕೊಟ್ಟು ವಿರಮಿಸುತ್ತೇನೆ. ಉಬುಂಟು 22.04ರೊಡನೆ ಬಂದ ಜಿಎಡಿಟ್ 41ರಲ್ಲಿ ಇದನ್ನು ಮಾಡಬಹುದು. ನಿಮ್ಮ ಮನೆಕಡತಕೋಶದಲ್ಲಿ ಚುಕ್ಕಿ ಲೋಕಲ್, ಅದರೊಳಗೆ ಶೇರ್, ಅದರೊಳಗೆ ಜಿಎಡಿಟ್, ಅದರೊಳಗೆ ಪ್ಲಗಿನ್ಸ್ ಎಂಬ ಕೋಶಗಳನ್ನು ಮಾಡಿಕೊಳ್ಳಿ. ಮೇಲಿನ ಹನ್ನೊಂದು ಸಾಲುಗಳನ್ನು, ಸೂಚಿಸಿದಲ್ಲಿ ಇಂಗ್ಲಿಷ್ ಲಿಪಿಯನ್ನು ಬಳಸಿ ಬರೆದು, ಹೆಸರಿನ ಕೊನೆಯಲ್ಲಿ ಚುಕ್ಕಿ ಪ್ಲಗಿನ್ ಎಂಬ ಬಾಲವಿಟ್ಟು ಅಲ್ಲಿ ಉಳಿಸಿ. ಕಾರ್ಯಕ್ರಮದ ಆಜ್ಞೆಗಳನ್ನು ಈಗಲೇ ಬರೆಯಬೇಕಾಗಿಲ್ಲ. ತೆರೆದಿರುವ ಜಿಎಡಿಟ್ ಕಿಟಿಕಿಗಳನ್ನೆಲ್ಲ ಮುಚ್ಚಿ. ಟರ್ಮಿನಲ್ಲಿನಲ್ಲಿ ಲ್ಯಾಂಗ್ವೇಜ್ ಸಮ ಕೆಎನ್ ಎಂದು ಬರೆದು, ಒಂದು ತೆರವು ಬಿಟ್ಟು, ಅದೇ ಸಾಲಿನಲ್ಲಿ ಜಿಎಡಿಟ್ ಎಂದು ಬರೆದು ಸಂಪಾದಕವನ್ನು ತೆರೆಯಿರಿ. ಆದ್ಯತೆಗಳ ಕಿಟಿಕಿಯ ಸೇರ್ಪಡೆಗಳ ಪಟ್ಟಿಯಲ್ಲಿ "ಪದಗಳ ಎಣಿಕೆ" ಕಾಣಿಸುತ್ತದೆ. ಅದರ ಪಕ್ಕದ ಚೌಕವನ್ನು ಒತ್ತಿದರೆ ತಪ್ಪಿನ ಸೂಚನೆ ಬರುತ್ತದೆ, ಏಕೆಂದರೆ ಹೆಸರು ದಾಖಲಾಗಿದೆ, ವಿದ್ಯಾರ್ಥಿ ಇನ್ನೂ ತರಗತಿಗೆ ಬಂದಿಲ್ಲ. ಬಳಿಕ ಕೆಎನ್ ಇದ್ದಲ್ಲಿ ಕೆಎ ಎಂದು ಬದಲಾಯಿಸಿ, ಸಂಪಾದಕವನ್ನು ಮುಚ್ಚಿ ಅದೇ ಆಜ್ಞೆಯಿಂದ ಪುನಃ ತೆರೆದು, ಪಟ್ಟಿಯಲ್ಲಿ ಯಾವ ಭಾಷೆಯ ಹೆಸರು ಕಾಣುತ್ತದೆಂಬುದನ್ನು ನಿಮ್ಮ ಪ್ರಯೋಗ ಪುಸ್ತಕದಲ್ಲಿ ಬರೆಯಿರಿ. ಮೂರನೆಯ ಬಾರಿ ಆ ಕೆಎ ಹಾಗೆಯೇ ಇರಲಿ, ಆಜ್ಞೆಯಲ್ಲಿ ಕೆಎನ್‌ನ ಬಳಿಕ ಎರಡು ಚುಕ್ಕಿಯ ಚಿಹ್ನೆಯನ್ನೂ ಎಂಎಲ್ ಅನ್ನೂ ಸೇರಿಸಿ, ಆಗ ಕಾಣುವುದನ್ನೂ ಕಾರಣಸಹಿತ ಬರೆಯಿರಿ.